ಬಳೆ ತೊಡದ ಕೈ

ಕಳೆದ ವೈಶಾಖಮಾಸದಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಒಂದು ಮದುವೆ ನಡೆಯಿತು. ಮುಹೂರ್ತದ ಹಿಂದಿನ ದಿನ, ಬೆಂಗಳೂರಿನ ಛತ್ರದ ಹಜಾರದಲ್ಲಿ ಬಳೆಗಾರನು ಹಸಿರು ಗಾಜಿನ ಬಳೆಗಳ ಮಲಾರವನ್ನು ಬಿಚ್ಚಿ ಕುಳಿತಿದ್ದನು. ಮೊದಲು ಮದುಮಗಳಿಗೆ ತೊಡಿಸಿ, ತರುವಾಯ ಮುತ್ತೈದೆಯರಿಗೂ ಹೆಣ್ಣುಮಕ್ಕಳಿಗೂ ಒಬ್ಬೊಬ್ಬರಂತೆ ತೊಡಿಸುತ್ತ ಬಂದನು. ಹಜಾರದ ತುಂಬ ನಗು, ಹರಟೆ, ಬಳೆಗಳ ಸದ್ದು. ಅಷ್ಟರಲ್ಲಿ ನನ್ನ ಚಿಕ್ಕಪ್ಪನ ಮಗಳ ಹಿರಿಯ ಹುಡುಗಿಯ ಸರದಿ ಬಂದಿತು. ಅವಳಿಗೆ 13 ವರ್ಷ. ಅಂದಿನ ಸೆಕೆಯಲ್ಲಿಯೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆಯನ್ನು ತೊಟ್ಟಿದ್ದಳು.

"ಕೈ ಕೊಡಮ್ಮ" ಎಂದನು ಬಳೆಗಾರ. ಹುಡುಗಿ ಕೈ ಚಾಚಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮತ್ತೊಬ್ಬ ಹುಡುಗಿ ತಮಾಷೆಗೆಂದು ಅವಳ ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ, ಮೊಣಕೈಯ ಮಡಿಕೆಯಲ್ಲಿ ಚರ್ಮವು ದಪ್ಪನಾಗಿ, ಕಪ್ಪಿಟ್ಟು, ನಡುನಡುವೆ ಉಗುರು ತಾಗಿದ ಕೆಂಪುಗೆರೆಗಳಿಂದ ಕೂಡಿತ್ತು. ಒಡನೆಯೆ ಹಿರಿಯರೊಬ್ಬರು, "ಅಯ್ಯೋ, ಏನೇ ಅದು ಕೈಮೇಲೆ? ಬಳೆಗಾರಪ್ಪ, ಎಲ್ಲರದೂ ಆಗಲಿ, ಆ ಮಗುವಿಗೆ ಕೊನೆಯಲ್ಲಿ ತೊಡಿಸು" ಎಂದರು. ಅವರು ಕೆಟ್ಟವರಲ್ಲ. ನಾಲ್ಕು ಜನರಿಗೆ ತೊಂದರೆಯಾಗಬಾರದೆಂಬ ಎಣಿಕೆಯಿಂದಲೇ ಹಾಗೆಂದರು. ಹುಡುಗಿ ತೋಳನ್ನು ಕೆಳಗಿಳಿಸಿ, "ನನಗೆ ಬಳೆ ಬೇಡ" ಎಂದು ಎದ್ದುಹೋದಳು. ಮದುವೆಯ ಛಾಯಾಚಿತ್ರಗಳಲ್ಲಿ ಹುಡುಕಿ ನೋಡಿದೆನು, ಒಂದರಲ್ಲಿಯೂ ಅವಳಿಲ್ಲ.

ಆಗ ನಾನು ಅಲ್ಲಿಯೇ ಕುಳಿತಿದ್ದೆನು. ಕೈಯಲ್ಲಿ ಹೊಸ ಬಳೆಗಳಿದ್ದುವು. ಬಾಯಿಂದ ಮಾತು ಮಾತ್ರ ಹೊರಡಲಿಲ್ಲ. ಆಗ ಆಡದೆ ಹೋದ ಮಾತನ್ನು ಈಗಲಾದರೂ ಆಡೋಣವೆಂದು ಈ ವಾರದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ನಾನು ವೈದ್ಯಳಲ್ಲ. ಇಲ್ಲಿರುವುದು ಬಲ್ಲ ವೈದ್ಯರಿಂದ ಕೇಳಿದುದು, ಓದಿ ತಿಳಿದುದು, ಕಣ್ಣಾರೆ ಕಂಡುದು.

ಆ ಹುಡುಗಿಯ ಕೈಯಲ್ಲಿದ್ದ ಕಾಯಿಲೆಗೆ ನಾವು ಇಸುಬು ಎನ್ನುತ್ತೇವೆ. ವೈದ್ಯರು ಎಕ್ಸಿಮಾ ಎನ್ನುತ್ತಾರೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೆಂದರೆ, ಇಸುಬು ಅಂಟುವ ರೋಗವಲ್ಲ. ಕಜ್ಜಿ ಅಂಟುತ್ತದೆ, ಅದಕ್ಕೆ ಕಾರಣ ಚರ್ಮದೊಳಗೆ ಬಿಲ ತೋಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಹುಳುಕಡ್ಡಿ ಅಂಟುತ್ತದೆ; ಅದಕ್ಕೆ ಕಾರಣ ಒಂದು ಬಗೆಯ ಬೂಷ್ಟು. ಇಸುಬಿಗೆ ಹುಳುವೂ ಇಲ್ಲ, ಬೂಷ್ಟೂ ಇಲ್ಲ. ಒಂದೇ ಬಳೆಯನ್ನು ಹತ್ತು ಕೈಗಳಿಗೆ ತೊಡಿಸಿದರೂ, ಒಂದೇ ಹಾಸಿಗೆಯಲ್ಲಿ ಅಕ್ಕತಂಗಿಯರು ಮಲಗಿದರೂ, ಅದು ಒಬ್ಬರಿಂದೊಬ್ಬರಿಗೆ ಹೋಗಲಾರದು. ಆದರೆ ನಮ್ಮ ಮನೆಗಳಲ್ಲಿ ತುರಿಸುವುದಕ್ಕೆಲ್ಲ ಕಜ್ಜಿಯೆಂಬ ಒಂದೇ ಹೆಸರು. ಹಳೆಯ ವೈದ್ಯಗ್ರಂಥಗಳ ಹೆಸರುಗಳೂ ಈ ಭಯಕ್ಕೆ ನೀರೆರೆದಿರಬಹುದು. ಚರಕಸಂಹಿತೆಯಲ್ಲಿ ಇಂಥದೇ ಲಕ್ಷಣಗಳ ರೋಗವನ್ನು ವಿಚರ್ಚಿಕಾ ಎಂದು ಕರೆದು ಕ್ಷುದ್ರಕುಷ್ಠಗಳ ಸಾಲಿನಲ್ಲಿ ಸೇರಿಸಿದೆ. ಅಲ್ಲಿ ಕುಷ್ಠವೆಂಬುದು ಚರ್ಮರೋಗಗಳಿಗೆಲ್ಲ ಸಾಮಾನ್ಯವಾದ ಹೆಸರು. ಆದರೆ ಆ ಶಬ್ದ ಕಿವಿಗೆ ಬಿದ್ದರೆ ನಮ್ಮ ಮನಸ್ಸು ಎಲ್ಲಿಗೆ ಓಡುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಇಸುಬು ಬರುವುದೇಕೆ? ನಮ್ಮ ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಗಾರೆ ಗಟ್ಟಿಯಾಗಿದ್ದರೆ ಒಳಗಿನ ತೇವ ಹೊರಗೆ ಹೋಗದು, ಹೊರಗಿನ ಧೂಳು ಒಳಗೆ ಬಾರದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಗಾರೆ ಸಡಿಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವಿಜ್ಞಾನಿ ಇರ್ವಿನ್ ಮೆಕ್ಲೀನ್ ಮತ್ತು ಅವರ ಸಹೋದ್ಯೋಗಿಗಳು, ಚರ್ಮದ ಈ ಕಟ್ಟಡಕ್ಕೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಲೋಪವಿರುವವರಿಗೆ ಇಸುಬಿನ ಸಂಭವ ಹೆಚ್ಚೆಂದು ತೋರಿಸಿದರು. ಗೋಡೆ ಸಡಿಲವಾದೆಡೆ ದೇಹದ ರಕ್ಷಣಾಶಕ್ತಿಯು ಸಣ್ಣ ಕಾರಣಕ್ಕೂ ಕೆರಳುತ್ತದೆ. ಚರ್ಮ ಒಣಗಿ, ಕೆಂಪಾಗಿ, ತುರಿಸುತ್ತದೆ. ಮನೆತನದಲ್ಲಿ ಉಬ್ಬಸವೋ ಪದೇ ಪದೇ ಸೀನುವ ನೆಗಡಿಯೋ ಇದ್ದರೆ ಮಕ್ಕಳಲ್ಲಿ ಇಸುಬು ಕಾಣುವುದು ಹೆಚ್ಚು. ಹಸುಗೂಸುಗಳಿಗೆ ಕೆನ್ನೆಯಲ್ಲಿ, ದೊಡ್ಡ ಮಕ್ಕಳಿಗೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ, ಮಣಿಕಟ್ಟಿನಲ್ಲಿ, ಕತ್ತಿನಲ್ಲಿ ಅದು ನೆಲೆಸುತ್ತದೆ. ಕೊಳಕಿನಿಂದಲ್ಲ, ತಾಯಿಯ ಅಲಕ್ಷ್ಯದಿಂದಲ್ಲ, ಯಾರ ದೃಷ್ಟಿಯಿಂದಲೂ ಅಲ್ಲ.

ಲೋಕದಲ್ಲಿ ಇಂಥ ಮಕ್ಕಳು ಎಷ್ಟು ಮಂದಿ? 2009ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ 60 ದೇಶಗಳ 6–7 ವರ್ಷದ 3,85,000ಕ್ಕೂ ಹೆಚ್ಚು ಮಕ್ಕಳ ವಿವರಗಳಿದ್ದುವು. ನಮ್ಮ ದೇಶದ ಒಂದು ಕೇಂದ್ರದಲ್ಲಿ ಇಸುಬಿದ್ದ ಮಕ್ಕಳು ನೂರಕ್ಕೆ ಒಬ್ಬರಿಗಿಂತ ಕಡಿಮೆ. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ನೂರಕ್ಕೆ 22ಕ್ಕಿಂತಲೂ ಹೆಚ್ಚು. ನಮ್ಮಲ್ಲಿ ಕಡಿಮೆಯೆಂಬುದು ಸಂತೋಷದ ಸಂಗತಿಯೇ ಸರಿ. ಆದರೆ ಇದರಿಂದ ಮತ್ತೊಂದು ಕಷ್ಟವುಂಟು. ತರಗತಿಯಲ್ಲಿ ನಾಲ್ಕಾರು ಮಕ್ಕಳಿಗಿದ್ದರೆ ಅದು ಎಲ್ಲರಿಗೂ ಪರಿಚಿತವಾದ ಕಾಯಿಲೆ. ಇಡೀ ಶಾಲೆಯಲ್ಲಿ ಒಬ್ಬಳಿಗೇ ಇದ್ದರೆ ಅವಳೇ ಒಂದು ವಿಚಿತ್ರ.

ಮದುವೆ ಮುಗಿದ ಹದಿನೈದು ದಿನಗಳ ಮೇಲೆ, ತಾಯಿಮಗಳ ಜೊತೆಯಲ್ಲಿ ನಾನೂ ಒಬ್ಬ ಚರ್ಮವೈದ್ಯೆಯಲ್ಲಿಗೆ ಹೋದೆನು. ನನ್ನ ತಂಗಿ, "ಮೊದಲಿಗಿಂತ ಈಗ ಎಷ್ಟೋ ಮೇಲು ಡಾಕ್ಟರೇ. ಮಗುವಾಗಿದ್ದಾಗ ಮೈಯೆಲ್ಲ ಇತ್ತು. ಈಗ ಕೈಕಾಲಿನ ಮಡಿಕೆಯಲ್ಲಿ ಮಾತ್ರ" ಎಂದಳು. ವೈದ್ಯೆ ಕೈಗಳನ್ನು ಪರೀಕ್ಷಿಸಿದ ಬಳಿಕ ಮೇಜಿನಿಂದ ಎರಡು ಹಾಳೆಗಳನ್ನು ತೆಗೆದು, ಒಂದನ್ನು ತಾಯಿಗೂ ಒಂದನ್ನು ಮಗಳಿಗೂ ಕೊಟ್ಟು, "ಒಬ್ಬರದನ್ನೊಬ್ಬರು ನೋಡದೆ ತುಂಬಿಕೊಡಿ. ಅಮ್ಮ, ಮಗಳ ಕಷ್ಟ ಎಷ್ಟೆಂದು ನಿಮಗೆ ತೋರುವುದೋ ಹಾಗೆ ಬರೆಯಿರಿ" ಎಂದರು.

ಆ ಹಾಳೆಯ ಕಥೆ ಕೇಳುವಂತಹುದು. ಬಹುಕಾಲ ವೈದ್ಯರು ಚರ್ಮರೋಗವನ್ನು ಅಳೆಯುತ್ತಿದ್ದುದು ಕಣ್ಣಿನಿಂದ: ಎಷ್ಟಗಲ, ಎಷ್ಟು ಕೆಂಪು, ಎಷ್ಟು ದಪ್ಪ. ಅದನ್ನು ಹೊತ್ತ ಮಗುವಿಗೆ ಎಷ್ಟು ಭಾರವೆಂದು ಅಳೆಯುವ ಕೋಲು ಇರಲಿಲ್ಲ. 1995ರಲ್ಲಿ ಬ್ರಿಟನ್ನಿನ ವೇಲ್ಸ್ ನಾಡಿನ ಚರ್ಮವೈದ್ಯರಾದ ಲೂಯಿಸ್-ಜೋನ್ಸ್ ಮತ್ತು ಫಿನ್ಲೇ ಎಂಬಿಬ್ಬರು, ಚಿಕಿತ್ಸೆಗೆ ಬಂದ ಮಕ್ಕಳನ್ನೇ ಕೇಳಿ, ಅವರ ಉತ್ತರಗಳಿಂದ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು. 4ರಿಂದ 16 ವರ್ಷದ ಮಕ್ಕಳಿಗೆ ಅದು ಹೊಂದುತ್ತದೆ. ಕಳೆದ ಒಂದು ವಾರದಲ್ಲಿ ತುರಿಕೆ ನೋವುಗಳು ಎಷ್ಟಿದ್ದುವು, ನಾಚಿಕೆ ದುಃಖಗಳಾದುವೆ, ಸ್ನೇಹಕ್ಕೆ ಅಡ್ಡಿಯಾಯಿತೆ, ಬೇರೆ ಬಗೆಯ ಉಡುಪು ತೊಡಬೇಕಾಯಿತೆ, ಹೊರಗೆ ಹೋಗಿ ಆಡಲು ತಡೆಯಾಯಿತೆ, ಈಜು ಮುಂತಾದುವನ್ನು ತಪ್ಪಿಸಿಕೊಂಡೆಯಾ, ಪಾಠಕ್ಕೆ ತೊಂದರೆಯಾಯಿತೆ, ಯಾರಾದರೂ ಹೀಯಾಳಿಸಿದರೆ, ನಿದ್ರೆ ಕೆಟ್ಟಿತೆ, ಔಷಧೋಪಚಾರವೇ ಒಂದು ಕಾಟವಾಯಿತೆ - ಇವೇ ಆ ಹತ್ತರ ಸಾರ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಅಂಕ ಏರಿದಷ್ಟೂ ಬದುಕಿಗೆ ಅಡಚಣೆ ಹೆಚ್ಚು. ಚಿಕ್ಕ ಮಕ್ಕಳಿಗೆ ಬೇಸರವಾಗದಂತೆ 2003ರಲ್ಲಿ ಇದಕ್ಕೆ ಚಿತ್ರಗಳನ್ನೂ ಸೇರಿಸಿದರು.

ತಾಯಿಯ ಹಾಳೆಯಲ್ಲಿ ಒಟ್ಟು 7 ಅಂಕಗಳಾದುವು. ಲೆಕ್ಕದಲ್ಲಿ ಅದು ಸಾಧಾರಣ ಅಡಚಣೆ. ಮಗಳ ಹಾಳೆಯಲ್ಲಿ 18.

ನನ್ನ ತಂಗಿ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ನಿದ್ರೆಯ ಪ್ರಶ್ನೆಗೆ ತಾನು ಒಂದು ಹಾಕಿದ್ದಳು. ಮಗಳು ಮೂರು ಹಾಕಿದ್ದಳು. "ರಾತ್ರಿ ಮಲಗುತ್ತೀಯಲ್ಲೇ?" ಎಂದಳು. ಹುಡುಗಿ ತಲೆ ತಗ್ಗಿಸಿ, "ಮಲಗಿದ ಹಾಗೆ ಇರುತ್ತೀನಿ. ನೀನು ಎದ್ದು ಬಂದು ಬೆಳಗಿನವರೆಗೂ ಕೂತಿರುತ್ತೀಯ ಅಂತ ಸುಮ್ಮನಿರುತ್ತೀನಿ" ಎಂದಳು. ತಾಯಿಗೆ ಕಣ್ಣಲ್ಲಿ ನೀರು ಬಂದಿತು. ತಾಯಿ ಮಗಳಿಗಾಗಿ, ಮಗಳು ತಾಯಿಗಾಗಿ ಹೀಗೆ ಕಷ್ಟವನ್ನು ಬಚ್ಚಿಟ್ಟುಕೊಂಡು ಬಂದಿದ್ದರೆ, ಹೊರಗಿನವರಿಗೆ ಅದು ತಿಳಿಯುವ ಬಗೆಯಾದರೂ ಹೇಗೆ?

ಇಸುಬಿನ ತುರಿಕೆ ರಾತ್ರಿಯಲ್ಲಿಯೇ ಹೆಚ್ಚು. ಹಗಲಿನಲ್ಲಿ ಪಾಠ, ಆಟ, ಮಾತುಗಳಲ್ಲಿ ಮನಸ್ಸು ಹಂಚಿಹೋಗಿರುತ್ತದೆ. ರಾತ್ರಿ ಅದಕ್ಕೆ ತುರಿಕೆಯೊಂದೇ ಜೊತೆ. ಹೊದಿಕೆಯೊಳಗೆ ಚರ್ಮ ಬೆಚ್ಚಗಾಗುತ್ತದೆ, ಅದರ ತೇವ ಹೆಚ್ಚಾಗಿ ಆರುತ್ತದೆ, ಉರಿಯನ್ನು ತಡೆಯುವ ದೇಹದ ಸ್ವಂತ ರಸವೂ ಆ ಹೊತ್ತಿನಲ್ಲಿ ತಗ್ಗಿರುತ್ತದೆ. ಹೀಗೆ ನಿದ್ರೆ ಹರಿದುಹೋದ ಮಗು ಬೆಳಗ್ಗೆ ಎದ್ದು ಶಾಲೆಗೆ ಹೋಗುತ್ತದೆ. ಮಧ್ಯಾಹ್ನದ ಗಣಿತದ ಪಾಠದಲ್ಲಿ ಕಣ್ಣು ಎಳೆಯುತ್ತದೆ. "ಗಮನವಿಲ್ಲ, ಸೋಮಾರಿ" ಎಂದು ಉಪಾಧ್ಯಾಯರು ಬರೆದು ಕಳುಹಿಸುತ್ತಾರೆ. ಮನೆಯಲ್ಲಿ ತಂದೆ ಗದರಿಸುತ್ತಾರೆ. ಸಣ್ಣ ಮಾತಿಗೂ ಮಗು ಸಿಡುಕುತ್ತದೆ. "ಇತ್ತೀಚೆಗೆ ಇವಳ ಸ್ವಭಾವವೇ ಕೆಟ್ಟಿತು" ಎಂದು ಎಲ್ಲರೂ ಅನ್ನುತ್ತಾರೆ. ಸ್ವಭಾವ ಕೆಟ್ಟಿಲ್ಲ, ನಿದ್ರೆ ಕೆಟ್ಟಿದೆ. ಮಕ್ಕಳ ಅಂಕಪಟ್ಟಿಯಲ್ಲಿ ಇಳಿತ ಕಂಡಾಗ ಪಾಠ ಹೇಳುವವರನ್ನು ಗೊತ್ತುಮಾಡುವ ಮೊದಲು, ಅವರು ರಾತ್ರಿ ಎಷ್ಟು ಹೊತ್ತು ಮಲಗುತ್ತಾರೆಂದು ಕೇಳಿದರೆ ತಪ್ಪೇನು?

ಉಡುಪಿನ ಪ್ರಶ್ನೆಗೂ ಹುಡುಗಿ ಮೂರು ಅಂಕ ಹಾಕಿದ್ದಳು. ಉದ್ದ ತೋಳಿನ ಬಟ್ಟೆ ಬೇಕೆಂದು ಹಟ ಹಿಡಿದಾಗ, ಅದು ಈ ಕಾಲದ ಹುಡುಗಿಯರ ಒಂದು ಷೋಕಿಯೆಂದು ಮನೆಯವರು ಭಾವಿಸಿದ್ದರಂತೆ. ಎರಡು ವರ್ಷಗಳಿಂದ ಕಲಿಯುತ್ತಿದ್ದ ಭರತನಾಟ್ಯವನ್ನು ಬಿಟ್ಟುದಕ್ಕೂ ಅದೇ ಕಾರಣ. ಹಸ್ತಮುದ್ರೆಯನ್ನು ತಿದ್ದುವಾಗ ಜೊತೆಯವಳೊಬ್ಬಳು ಕೈ ಹಿಡಿಯಲು ಹಿಂಜರಿದಳಂತೆ. ಮನೆಯಲ್ಲಿ ಮಾತ್ರ "ಕಾಲು ನೋವು" ಎಂದು ಹೇಳಿದ್ದಳು. ಹತ್ತು ವರ್ಷದೊಳಗಿನ ಮಗುವಿಗೆ ಇಸುಬು ತುರಿಸುವ ಕಾಯಿಲೆ. ಹದಿಮೂರಕ್ಕೆ ಅದು ನೋಡುವವರ ಕಣ್ಣಿನ ಕಾಯಿಲೆಯೂ ಆಗುತ್ತದೆ. ಕನ್ನಡಿಯ ಮುಂದೆ ನಿಲ್ಲುವ ವಯಸ್ಸಿನಲ್ಲಿ ಕನ್ನಡಿಯೇ ಹಗೆಯಾದರೆ ಅದನ್ನು ಯಾರಲ್ಲಿ ಹೇಳಿಕೊಳ್ಳುವುದು? ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ. ಆಟದ ಚೆಡ್ಡಿ ತೊಡಲೊಲ್ಲದೆ ಮೈದಾನದ ಅಂಚಿನಲ್ಲಿ ನಿಲ್ಲುವ ಹುಡುಗನನ್ನು ನಾವು ಅಂಜುಬುರುಕನೆನ್ನುತ್ತೇವೆ.

ಇದೆಲ್ಲ ಅತಿಶಯೋಕ್ತಿಯೆಂದು ಯಾರಾದರೂ ಎಂದಾರು. ಪ್ರಾಣಕ್ಕೆ ಅಪಾಯವಿಲ್ಲದ ತುರಿಕೆಗೆ ಇಷ್ಟು ಮಾತೇಕೆ ಎಂದೂ ಕೇಳಿಯಾರು. 2006ರಲ್ಲಿ ಡಂಡೀ ನಗರದಿಂದಲೇ ಮತ್ತೊಂದು ಅಧ್ಯಯನ ಪ್ರಕಟವಾಯಿತು. ಚರ್ಮರೋಗವಿರುವ ಮಕ್ಕಳನ್ನೂ ಉಬ್ಬಸ, ಸಿಹಿಮೂತ್ರ, ಅಪಸ್ಮಾರ, ಮೂತ್ರಪಿಂಡದ ಕಾಯಿಲೆ ಮುಂತಾದ ಬಹುಕಾಲದ ರೋಗಗಳಿರುವ ಮಕ್ಕಳನ್ನೂ ಹೋಲಿಸಿ, ಬದುಕಿಗೆ ಯಾವುದರಿಂದ ಎಷ್ಟು ಕುಂದೆಂದು ಹೆತ್ತವರನ್ನು ಕೇಳಿದರು. ಮೈತುಂಬ ಹರಡಿದ ಇಸುಬು ಆ ಪಟ್ಟಿಯ ಮೇಲ್ತುದಿಯಲ್ಲಿಯೇ ಇದ್ದಿತು. ಅದಕ್ಕಿಂತ ಮೇಲಿದ್ದುದು ಮಿದುಳಿನ ಲಕ್ವವೊಂದೆ. 2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನಲ್ಲಿ 1991-92ರ ಸುಮಾರಿಗೆ ಹುಟ್ಟಿದ ಸಾವಿರಾರು ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೆ ಗಮನಿಸಿದ್ದರು. ತೀವ್ರವಾದ ಇಸುಬಿದ್ದವರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಇತರರಿಗಿಂತ ಸುಮಾರು ಎರಡರಷ್ಟು. ಇಸುಬಿರುವ ಮಕ್ಕಳೆಲ್ಲರೂ ಖಿನ್ನರಾಗುವರೆಂದು ಇದರ ಅರ್ಥವಲ್ಲ. ಆದರೆ ಬಹುದಿನ ಮಂಕಾಗಿರುವ, ಊಟ ಆಟಗಳಲ್ಲಿ ರುಚಿ ಕಳೆದುಕೊಂಡ ಮಗುವಿನ ಚರ್ಮಕ್ಕೆ ಮಾತ್ರ ಔಷಧ ಕೊಟ್ಟು ಮನಸ್ಸನ್ನು ಮರೆಯಬಾರದು.

ಇನ್ನು ನಾವು ದಿನಕ್ಕೆ ನೂರು ಸಲ ಆಡುವ ಒಂದು ಮಾತು: "ಕೆರೆಯಬೇಡ!" ಆ ಮಾತಿನಿಂದ ತುರಿಕೆ ನಿಂತುದನ್ನು ಕಂಡವರಿಲ್ಲ. ತುರಿಸಿದರೆ ಕೆರೆಯಬೇಕೆನಿಸುತ್ತದೆ, ಕೆರೆದರೆ ಚರ್ಮ ಇನ್ನಷ್ಟು ಕೆಟ್ಟು ಮತ್ತಷ್ಟು ತುರಿಸುತ್ತದೆ. ಗಾಣದೆತ್ತಿನಂತೆ ಅದೇ ಸುತ್ತು. ಅದರ ಮೇಲೆ ನಮ್ಮ ಬೈಗುಳವೂ ಸೇರಿದರೆ, ಮಗು ಕೆರೆಯುವುದನ್ನು ಬಿಡುವುದಿಲ್ಲ, ಮರೆಯಲ್ಲಿ ಕೆರೆದುಕೊಳ್ಳುವುದನ್ನು ಕಲಿಯುತ್ತದೆ. ಬೇಡವೆನ್ನುವುದರ ಬದಲು ಬೇರೇನನ್ನಾದರೂ ಕೊಡಿರೆಂದು ವೈದ್ಯೆ ಹೇಳಿದರು: ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗದ ಮೇಲಿಡುವುದು, ಉಗುರಿನ ಬದಲು ಅಂಗೈಯಿಂದ ಒತ್ತುವುದು, ಒಡನೆಯೆ ಮುಲಾಮು ಸವರುವುದು, ಕೈಗೆ ಏನಾದರೊಂದು ಕೆಲಸ ಕೊಡುವುದು. ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿರಬೇಕು.

ಉಪಚಾರದ ತಳಹದಿ ಬಹು ಸರಳ: ಸಡಿಲವಾದ ಗೋಡೆಗೆ ದಿನವೂ ಗಾರೆ ಮೆತ್ತುವುದು. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಹಬ್ಬದ ಎಣ್ಣೆನೀರಿನಲ್ಲಿ ನಾವು ಕುದಿಯುವಂಥ ನೀರು ಹೊಯ್ದು ಸೀಗೆಪುಡಿ, ಕಡಲೆಹಿಟ್ಟುಗಳಿಂದ ಉಜ್ಜುವುದು ಇಂಥ ಚರ್ಮಕ್ಕೆ ಶಿಕ್ಷೆಯೇ ಸರಿ. ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈಯಲ್ಲಿ ತೇವ ಆರುವುದರೊಳಗಾಗಿ ಪರಿಮಳವಿಲ್ಲದ ಮಾಯಿಶ್ಚರೈಸರನ್ನು ಧಾರಾಳವಾಗಿ ಸವರಬೇಕು. ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಹಸಿ ತೆಂಗಿನಕಾಯಿಯಿಂದ ತೆಗೆದ ಶುದ್ಧವಾದ ಎಣ್ಣೆಯನ್ನು ಫಿಲಿಪೈನ್ಸ್ ದೇಶದಲ್ಲಿ ಮಕ್ಕಳ ಇಸುಬಿನ ಮೇಲೆ ಪರೀಕ್ಷಿಸಿ, ಖನಿಜತೈಲಕ್ಕಿಂತ ಮೇಲೆಂದು 2014ರಲ್ಲಿ ಪ್ರಕಟಿಸಿದ್ದಾರೆ. ಚಳಿಗಾಲದಲ್ಲಿ ಉಣ್ಣೆಯ ಸ್ವೆಟರನ್ನು ಬರಿಯ ಮೈಗೆ ತಾಗಿಸದೆ ಒಳಗೆ ಹತ್ತಿಯ ಅಂಗಿ ತೊಡಿಸಬೇಕು.

ಕೆರಳಿದ ಇಸುಬಿಗೆ ಇಷ್ಟೇ ಸಾಲದು. 1952ರಲ್ಲಿ ಅಮೆರಿಕದ ವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬವರು ಹೈಡ್ರೊಕಾರ್ಟಿಸೋನ್ ಮುಲಾಮಿನ ಗುಣವನ್ನು ತೋರಿಸಿದಂದಿನಿಂದ ಸ್ಟೀರಾಯ್ಡ್ ಮುಲಾಮುಗಳು ಬಳಕೆಯಲ್ಲಿವೆ. ಇವುಗಳ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ತಪ್ಪುಗಳಿವೆ. ಕೆಲವರು ಆ ಹೆಸರು ಕೇಳಿದೊಡನೆ ಹೆದರಿ, ವೈದ್ಯರು ಬರೆದುಕೊಟ್ಟುದನ್ನೂ ಹಚ್ಚದೆ ಮಗುವನ್ನು ತುರಿಕೆಗೆ ಒಪ್ಪಿಸಿಬಿಡುತ್ತಾರೆ. ಮತ್ತೆ ಕೆಲವರು ಔಷಧದಂಗಡಿಯಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದು ಕೇಳಿ ತಂದ, ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮವನ್ನು ತೆಳ್ಳಗೆ ಮಾಡುತ್ತಾರೆ. 2018ರಲ್ಲಿ ಭಾರತ ಸರ್ಕಾರವು ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ವೈದ್ಯರು ಹೇಳಿದ ಬಲದ್ದು, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಮಿತ್ರ. ಅಳತೆಗೂ ಒಂದು ಉಪಾಯವುಂಟು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಇದನ್ನು ಪ್ರಚಾರಕ್ಕೆ ತಂದವರಲ್ಲಿಯೂ ಹಿಂದೆ ಹೇಳಿದ ಫಿನ್ಲೇ ಒಬ್ಬರು. ಇವಕ್ಕೂ ಮಣಿಯದ ಇಸುಬಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು 2000ದಿಂದ ಅಮೆರಿಕದಲ್ಲಿ ಬಳಕೆಗೆ ಬಂದಿತು. 2017ರ ತರುವಾಯ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದೂ ಬಂದಿದೆ. ಇವು ಯಾರಿಗೆ ಬೇಕೆಂಬುದನ್ನು ತಜ್ಞರೇ ನಿರ್ಧರಿಸಬೇಕು.

ಆಹಾರದ ವಿಷಯವಾಗಿ ಒಂದು ಮಾತು. ಇಸುಬಿನ ಮಗು ಮನೆಯಲ್ಲಿದ್ದರೆ ಬಂದವರೆಲ್ಲ ವೈದ್ಯರೇ. ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೊಸರು ಬೇಡ, ಹಾಲು ಬೇಡ. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ಕೊನೆಗೆ ಮಗುವಿನ ಎಲೆಯಲ್ಲಿ ಉಳಿಯುವುದು ಅನ್ನ, ತಿಳಿಸಾರು. ಕೆಲವು ಎಳೆಯ ಮಕ್ಕಳಿಗೆ ಹಾಲೋ ಮೊಟ್ಟೆಯೋ ಒಗ್ಗದಿರುವುದುಂಟು. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕೇ ಹೊರತು ಊಹೆಯಿಂದ ತೀರ್ಮಾನಿಸಿದರೆ ಬೆಳೆಯುವ ಮೈಗೆ ನಷ್ಟ. ಇಸುಬಿನ ಜಾಗದಲ್ಲಿ ರಸಿಕೆ ಒಸರಿ ಹಳದಿಯ ಹೆಕ್ಕಳೆ ಕಟ್ಟಿದರೆ, ಜ್ವರ ಬಂದರೆ, ನೋಯುವ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಹುಡುಗಿಯ ಶಾಲೆಗೆ ನಾವು ಹೋಗಿ ಉಪಾಧ್ಯಾಯಿನಿಯೊಡನೆ ಹತ್ತು ನಿಮಿಷ ಮಾತನಾಡಿದೆವು. ಕಿಟಕಿಯ ಬಿಸಿಲಿನಿಂದ ಅವಳ ಜಾಗ ಬದಲಾಯಿತು. ಮುಲಾಮಿನ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಳ್ಳಲು ಅನುಮತಿಯಾಯಿತು. ವಿಜ್ಞಾನದ ಪಾಠದಲ್ಲಿ ಚರ್ಮದ ವಿಷಯ ಬಂದಾಗ, ಯಾರ ಹೆಸರನ್ನೂ ಎತ್ತದೆ, ಯಾವುದು ಅಂಟುತ್ತದೆ, ಯಾವುದು ಅಂಟುವುದಿಲ್ಲವೆಂದು ಆಕೆ ವಿವರಿಸಿದರಂತೆ. ಮನೆಯಲ್ಲಿಯೂ ಒಂದು ಬದಲಾವಣೆಯಾಯಿತು. ಮುಲಾಮು ಹಚ್ಚುವ ಹೊಣೆಯಲ್ಲಿ ಅರ್ಧವನ್ನು ಹುಡುಗಿಗೇ ಒಪ್ಪಿಸಿದರು. ಹದಿಹರೆಯದ ಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ ಔಷಧ ಹಚ್ಚುವುದು ಆಗದ ಮಾತು. ಏನು, ಏಕೆ ಎಂದು ತಿಳಿಸಿ ಕೈಗೆ ಕೊಟ್ಟರೆ ಅವರೇ ಹಚ್ಚಿಕೊಳ್ಳುತ್ತಾರೆ. ಮರೆತ ದಿನಗಳೂ ಇದ್ದುವು. ಪರೀಕ್ಷೆಯ ವಾರದಲ್ಲಿ ಇಸುಬು ಮತ್ತೆ ಕೆರಳಿತು. ಗುಣವಾಯಿತೆಂದು ನಾನು ಬರೆಯಲಾರೆ. ಬಹುಮಂದಿ ಮಕ್ಕಳಲ್ಲಿ ವಯಸ್ಸಾದಂತೆ ಅದು ಇಳಿಯುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಭಾದ್ರಪದ ಬರುವ ವೇಳೆಗೆ ಹತ್ತು ಪ್ರಶ್ನೆಗಳ ಹಾಳೆಯನ್ನು ಅವಳು ಮತ್ತೆ ತುಂಬಿದಳು. 18 ಇದ್ದುದು 8 ಆಗಿತ್ತು. ತಾಯಿಯ ಹಾಳೆಯಲ್ಲಿಯೂ 8. ಅಂಕ ಇಳಿದುದಕ್ಕಿಂತ ಇಬ್ಬರ ಅಂಕವೂ ಒಂದೇ ಆದುದೇ ತಮಗೆ ಹೆಚ್ಚು ಸಂತೋಷವೆಂದರು ವೈದ್ಯೆ.

ಗೌರಿಹಬ್ಬದ ಹಿಂದಿನ ದಿನ ನನ್ನ ತಂಗಿಯ ಮನೆಗೆ ಅದೇ ಬಳೆಗಾರ ಬಂದನು. ನಾನೂ ಅಲ್ಲಿದ್ದೆನು. ಹುಡುಗಿ ಸ್ವಲ್ಪ ಹೊತ್ತು ಬಾಗಿಲಿನಲ್ಲಿ ನಿಂತು ನೋಡಿ, ಬಂದು ಮುಂದೆ ಕುಳಿತಳು. ತೋಳನ್ನು ತಾನೇ ಮೇಲಕ್ಕೆ ಸರಿಸಿ, "ಇಲ್ಲಿ ಇಸುಬು ಇದೆ. ಅಂಟುವುದಿಲ್ಲ. ಸ್ವಲ್ಪ ನಿಧಾನವಾಗಿ ತೊಡಿಸಿ" ಎಂದಳು. ಬಳೆಗಾರನು ಕೈಯನ್ನು ತಿರುಗಿಸಿ ನೋಡಿ, "ನಲವತ್ತು ವರ್ಷದಿಂದ ಕೈಗಳನ್ನೇ ನೋಡುತ್ತಿದ್ದೀನಿ ತಾಯಿ. ಇದೇನು ದೊಡ್ಡದು? ಒಂದು ಅಳತೆ ದೊಡ್ಡ ಬಳೆ ಹಾಕಿದರೆ ಉಜ್ಜುವುದಿಲ್ಲ" ಎಂದು ಆರಿಸಿ ಆರಿಸಿ ಆರಾರು ಹಸಿರು ಬಳೆಗಳನ್ನು ತೊಡಿಸಿದನು.

ಮರುದಿನ ಬಾಗಿನ ಕೊಡುವಾಗ ನನ್ನ ತಂಗಿ ಮೆಲ್ಲನೆ ಹೇಳಿದಳು: "ಅಕ್ಕ, ಈ ಬಳೆಗಳಿಂದ ನನಗೂ ಒಂದು ಅನುಕೂಲ ಆಯಿತು. ರಾತ್ರಿ ಅವಳು ಕೆರೆದುಕೊಂಡರೆ ಬಳೆ ಸದ್ದಾಗುತ್ತೆ, ನನಗೆ ಗೊತ್ತಾಗುತ್ತೆ. ನೆನ್ನೆ ರಾತ್ರಿ ಕಿವಿಗೊಟ್ಟು ಮಲಗಿದ್ದೆ. ಒಂದೇ ಸಲ ಸದ್ದಾಯಿತು."